ಖಾತ್ರಿ ಕೆಲಸ ಅರವತ್ತು ದಿನ ನಿಂತರೆ ಊರಿನ ಕೂಲಿ ಏನಾಗುತ್ತದೆ?

"ನರೇಗಾ ಬಂದ ಮೇಲೆ ಹೊಲಕ್ಕೆ ಆಳು ಸಿಗೋದಿಲ್ಲ." ಈ ಮಾತು ಕೇಳಿಬರದ ಊರು ಕರ್ನಾಟಕದಲ್ಲಿ ಇರಲಿಕ್ಕಿಲ್ಲ. ರೈತಸಭೆಯಲ್ಲಿ, ಗೊಬ್ಬರದ ಅಂಗಡಿಯ ಮುಂದೆ, ವಿಧಾನಸಭೆಯ ಚರ್ಚೆಯಲ್ಲಿ ವರ್ಷಗಳಿಂದ ಓಡಾಡುತ್ತಿದ್ದ ಈ ದೂರು 2025ರ ಡಿಸೆಂಬರ್‌ನಲ್ಲಿ ಕಾನೂನಿನ ಒಳಗೇ ಬಂದು ಕೂತಿತು. ನರೇಗಾ ಕಾಯ್ದೆಯ ಜಾಗಕ್ಕೆ ಸಂಸತ್ತು ಒಪ್ಪಿದ ಹೊಸ ಕಾಯ್ದೆ, ಅಂದರೆ ವಿಬಿ-ಜಿ ರಾಮ್ ಜಿ (ವಿಕಸಿತ ಭಾರತ ಗ್ರಾಮೀಣ ಉದ್ಯೋಗ ಮತ್ತು ಜೀವನೋಪಾಯ ಖಾತ್ರಿ ಮಿಷನ್), ಒಂದು ಕುಟುಂಬಕ್ಕೆ ವರ್ಷಕ್ಕಿದ್ದ 100 ದಿನದ ಖಾತ್ರಿಯನ್ನು 125ಕ್ಕೆ ಏರಿಸಿತು. ಜೊತೆಗೇ, ಬಿತ್ತನೆ ಮತ್ತು ಕಟಾವಿನ ಭರಾಟೆಯ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನ ಖಾತ್ರಿ ಕೆಲಸ ನಡೆಸಬಾರದು ಎಂದೂ ಹೇಳಿತು. ಆ ದಿನಗಳು ಯಾವುವು ಎಂದು ರಾಜ್ಯ ಸರ್ಕಾರ ಮೊದಲೇ ಅಧಿಸೂಚನೆ ಹೊರಡಿಸಬೇಕು. ಇಡೀ ರಾಜ್ಯಕ್ಕೆ ಒಂದೇ ದಿನಾಂಕ ಇರಬೇಕೆಂದಿಲ್ಲ. ಜಿಲ್ಲೆ, ತಾಲ್ಲೂಕು, ಗ್ರಾಮ ಪಂಚಾಯಿತಿಗಳಿಗೆ ಬೇರೆ ಬೇರೆ ದಿನ ಗೊತ್ತುಮಾಡಲು ಅವಕಾಶವಿದೆ.

ಚರ್ಚೆಯೆಲ್ಲ 125 ಮತ್ತು 60 ಎಂಬ ಎರಡು ಅಂಕಿಗಳ ಸುತ್ತಲೇ ನಡೆದಿದೆ. "365ರಲ್ಲಿ 60 ಕಳೆದರೂ 305 ದಿನ ಉಳಿಯಿತಲ್ಲ, ಅದರಲ್ಲಿ 125 ದಿನ ಕೆಲಸ ಕೊಡಲು ಏನು ಅಡ್ಡಿ" ಎಂದು ಒಂದು ಕಡೆಯವರು ಕೇಳುತ್ತಾರೆ. ಗಣಿತವಾಗಿ ಸರಿ. ಆದರೆ ಕೂಲಿ ಏರುವುದು ಇಳಿಯುವುದು ವರ್ಷದ ಲೆಕ್ಕದಲ್ಲಿ ಅಲ್ಲ, ವಾರದ ಲೆಕ್ಕದಲ್ಲಿ. ಊರಿನಿಂದ ಹತ್ತು ಆಳು ಬೇರೆ ಕಡೆ ಹೋದರೆ ಮೇ ತಿಂಗಳಲ್ಲಿ ಆಗುವುದೇ ಬೇರೆ, ನಾಟಿಯ ವಾರದಲ್ಲಿ ಆಗುವುದೇ ಬೇರೆ. ಹಾಗಾಗಿ ನನ್ನ ಮಟ್ಟಿಗೆ ಮುಖ್ಯವಾದದ್ದು 60 ಎಂಬ ಸಂಖ್ಯೆ ಅಲ್ಲ, ಅದು ಯಾವ ಊರಿಗೆ ಯಾವ ವಾರ ಬಂದು ಬೀಳುತ್ತದೆ ಎಂಬುದು. ಅದನ್ನು ತಪ್ಪಾಗಿ ಆರಿಸಿದರೆ ರೈತನಿಗೆ ಒಬ್ಬ ಆಳೂ ಹೆಚ್ಚಿಗೆ ಸಿಗುವುದಿಲ್ಲ, ಕೂಲಿಯ ಹೆಂಗಸಿನ ಕೈಯಿಂದ ಮಾತ್ರ ಸಂಬಳ ಹೋಗುತ್ತದೆ.

ನರೇಗಾ ಕೂಲಿಯನ್ನು ನಿಜಕ್ಕೂ ಏರಿಸಿತೇ ಎಂಬುದನ್ನು ಮೊದಲು ನೋಡೋಣ. ಇದನ್ನು ಅಳೆಯಲು ಯೋಜನೆ ಜಾರಿಯಾದ ರೀತಿಯೇ ಅನುಕೂಲ ಮಾಡಿಕೊಟ್ಟಿತು. 2006ರ ಫೆಬ್ರವರಿ 2ರಂದು ಶುರುವಾದಾಗ ದೇಶದ 200 ಜಿಲ್ಲೆಗಳಲ್ಲಷ್ಟೇ ಇತ್ತು. ಕರ್ನಾಟಕದಲ್ಲಿ ಬೀದರ್, ಗುಲ್ಬರ್ಗಾ, ರಾಯಚೂರು, ದಾವಣಗೆರೆ, ಚಿತ್ರದುರ್ಗ. ಮರುವರ್ಷ ಇನ್ನೂ 130 ಜಿಲ್ಲೆ ಸೇರಿದವು. ಉಳಿದವುಗಳಿಗೆ 2008ರ ಏಪ್ರಿಲ್‌ನಲ್ಲಿ ಬಂತು. ಮೊದಲೇ ಬಂದ ಜಿಲ್ಲೆಗಳನ್ನೂ ಕಾಯುತ್ತಿದ್ದ ಜಿಲ್ಲೆಗಳನ್ನೂ ಅರ್ಥಶಾಸ್ತ್ರಜ್ಞರಾದ ಕ್ಲೆಮೆಂಟ್ ಇಂಬೆರ್ ಮತ್ತು ಜಾನ್ ಪ್ಯಾಪ್ ಹೋಲಿಸಿ ನೋಡಿದರು. ಖಾಸಗಿ ಕೂಲಿ ಏರಿದ್ದು ನಿಜ, ಖಾಸಗಿ ಕೆಲಸದ ದಿನಗಳು ಸ್ವಲ್ಪ ಕಡಿಮೆಯಾದದ್ದೂ ನಿಜ. ಆದರೆ ಆ ಪರಿಣಾಮ ಒಣಗಾಲದಲ್ಲಿ, ಅದೂ ಯೋಜನೆ ಚೆನ್ನಾಗಿ ನಡೆದ ರಾಜ್ಯಗಳಲ್ಲಿ ಕಂಡಿತು. ಮಳೆಗಾಲದಲ್ಲಿ ಅಂಥ ಏರಿಕೆ ಕಾಣಲಿಲ್ಲ. ಕಾರಣ ಸರಳ. ಖಾತ್ರಿ ಕೆಲಸ ಹೆಚ್ಚಾಗಿ ನಡೆಯುವುದೇ ಬೇಸಿಗೆಯಲ್ಲಿ. ಕೆರೆ ಹೂಳು, ಬದು, ಕೃಷಿಹೊಂಡ ಎಲ್ಲವೂ ಮಳೆ ಬೀಳುವ ಮುಂಚಿನ ಕೆಲಸ. ಬಿತ್ತನೆ ಜೋರಾಗಿ ನಡೆಯುವಾಗ ಹೊಲದ ಕೂಲಿ ಹೇಗೂ ಮೇಲೆ ಹೋಗಿರುತ್ತದೆ, ಆಗ ಹಾರೆ ಹಿಡಿದು ಖಾತ್ರಿ ಕೆಲಸಕ್ಕೆ ಹೋಗುವವರು ಕಡಿಮೆ.

ಇನ್ನೊಂದು ಪ್ರಯೋಗ ಒಡಿಶಾದ್ದು. ಎಮಿಲಿ ಬ್ರೆಜಾ, ಸುಪ್ರೀತ್ ಕೌರ್, ಯೋಗಿತಾ ಶಮ್ದಾಸಾನಿ ಅವರು ಕೆಲವು ಹಳ್ಳಿಗಳ ಕೂಲಿಕಾರರಲ್ಲಿ ಸುಮಾರು ಶೇ. 24ರಷ್ಟು ಜನರಿಗೆ ಒಂದು ತಿಂಗಳ ಮಟ್ಟಿಗೆ ಹೊರಗಿನ ಕೆಲಸ ಕೊಟ್ಟರು. ಅಂದರೆ ನಾಲ್ಕು ಆಳಿನಲ್ಲಿ ಒಂದು ಆಳನ್ನು ಊರಿನ ಕೂಲಿಪೇಟೆಯಿಂದ ಎತ್ತಿಬಿಟ್ಟರು. ಕೆಲಸ ಜೋರಿರುವ ತಿಂಗಳಲ್ಲಿ ಹೀಗೆ ಮಾಡಿದಾಗ ಊರಿನ ಕೂಲಿ ಕೂಡಲೇ ಏರಿತು, ಊರೊಳಗಿನ ಒಟ್ಟು ಕೆಲಸ ಇಳಿಯಿತು. ಕೆಲಸವಿಲ್ಲದ ತಿಂಗಳಲ್ಲಿ ಅದನ್ನೇ ಮಾಡಿದಾಗ ಕೂಲಿಯೂ ಬದಲಾಗಲಿಲ್ಲ, ಹೊಲದಲ್ಲಿ ನಡೆಯುವ ಒಟ್ಟು ಕೆಲಸವೂ ಕಡಿಮೆಯಾಗಲಿಲ್ಲ. ಹೋದವರ ಜಾಗಕ್ಕೆ ಮನೆಯಲ್ಲಿ ಕೂತಿದ್ದವರು ಬಂದರು. ಕೆಲಸ ಮಾಡಲು ಮನಸ್ಸಿದ್ದು, ಅದೇ ಕೂಲಿಗೆ ಒಪ್ಪಿಗೆಯಿದ್ದು, ಕರೆಯುವವರಿಲ್ಲದೆ ಕೂತವರು ಅಷ್ಟು ಜನ ಇದ್ದರು.

ಎರಡು ಅಧ್ಯಯನಗಳೂ ಒಂದಕ್ಕೊಂದು ತಿರುಗಿ ನಿಂತಂತೆ ಕಾಣುತ್ತವೆ. ಒಂದು ಒಣಗಾಲದಲ್ಲಿ ಕೂಲಿ ಏರಿತು ಎನ್ನುತ್ತದೆ, ಇನ್ನೊಂದು ಏರಲಿಲ್ಲ ಎನ್ನುತ್ತದೆ. ನಾನು ಇದನ್ನು ಓದುವ ಬಗೆ ಹೀಗೆ: ಒಡಿಶಾದಲ್ಲಿ ಕೊಟ್ಟದ್ದು ಒಂದು ತಿಂಗಳ, ಆರಿಸಿದ ಕೆಲವರಿಗಷ್ಟೇ ಸಿಕ್ಕ ಕೆಲಸ. ನರೇಗಾ ವರ್ಷ ವರ್ಷವೂ ಯಾರು ಬೇಕಾದರೂ ಅರ್ಜಿ ಹಾಕಿ ಕೇಳಬಹುದಾದ ಹಕ್ಕು. ಮೊದಲನೆಯದು ಆಳಿನ ಸಂಖ್ಯೆಯನ್ನು ಬದಲಿಸಿತು. ಎರಡನೆಯದು "ಇಷ್ಟಕ್ಕಿಂತ ಕಡಿಮೆಗೆ ಬರೋದಿಲ್ಲ" ಎಂದು ಹೇಳುವ ಧೈರ್ಯವನ್ನೂ ಕೊಟ್ಟಿತು. ಕೂಲಿಯ ದರ ಗಟ್ಟಿಯಾಗಿ ನಿಲ್ಲುವುದು ಈ ಎರಡನೆಯದರಿಂದ.

ಒಂದು ಹೊಲದ ಲೆಕ್ಕ

"ಕೂಲಿ ಏರಿದರೆ ಕೆಲಸ ಕಡಿಮೆಯಾಗುತ್ತದೆ" ಎಂಬುದನ್ನು ನಾವೆಲ್ಲ ಪ್ರಶ್ನಿಸದೆ ಒಪ್ಪಿಕೊಂಡುಬಿಟ್ಟಿದ್ದೇವೆ. ಹಳ್ಳಿಯ ಕೂಲಿಪೇಟೆಯಲ್ಲಿ ಅದು ಯಾವಾಗಲೂ ಹಾಗೆ ನಡೆಯುವುದಿಲ್ಲ. ಯಾಕೆಂದು ಅಂಕಿ ಇಟ್ಟೇ ನೋಡಬೇಕು. ಇವು ಲೆಕ್ಕಕ್ಕೆಂದು ಇಟ್ಟ ಅಂಕಿಗಳು.

ಒಂದು ಊರಲ್ಲಿ ಕೂಲಿಗೆ ಕರೆಯುವ ದೊಡ್ಡ ಹಿಡುವಳಿದಾರರು ಮೂರ್ನಾಲ್ಕು ಮನೆಯವರು ಎಂದುಕೊಳ್ಳಿ. ಅದರಲ್ಲಿ ಒಬ್ಬರ ಹೊಲದಲ್ಲಿ ಕಳೆ ತೆಗೆಯಬೇಕು. ದಿನಕ್ಕೆ 300 ರೂಪಾಯಿ ಎಂದರೆ 20 ಜನ ಬರುತ್ತಾರೆ. ಇನ್ನೂ ಐದು ಜನ ಬರಬಲ್ಲರು. ಆದರೆ ಒಬ್ಬಳಿಗೆ ಚಿಕ್ಕ ಮಗು, ಇನ್ನೊಬ್ಬಳಿಗೆ ಮನೆ ದೂರ, ಮತ್ತೊಬ್ಬಳಿಗೆ ದನ ಕಟ್ಟಿ ಹೊರಡುವಷ್ಟರಲ್ಲಿ ಹೊತ್ತಾಗುತ್ತದೆ. ಅವರು 330 ಆದರೆ ಬರುತ್ತಾರೆ. ಆ ಐವರು ಒಬ್ಬೊಬ್ಬರೂ ದಿನಕ್ಕೆ ತೆಗೆಯುವ ಕಳೆಯಿಂದ ಹೊಲದವನಿಗೆ ತಲಾ 400 ರೂಪಾಯಿಯ ಅನುಕೂಲವಿದೆ. ಹಾಗಾದರೆ 330 ಕೊಟ್ಟು ಕರೆಯಬಹುದಲ್ಲ? ಆತ ಕರೆಯುವುದಿಲ್ಲ. ಒಂದೇ ಸಾಲಿನಲ್ಲಿ ಕೂತು ಕಳೆ ಕೀಳುವವರಲ್ಲಿ ಐವರಿಗೆ 330, ಉಳಿದವರಿಗೆ 300 ಕೊಟ್ಟರೆ ಮರುದಿನ ಯಾರೂ ಬರುವುದಿಲ್ಲ. ಕೊಟ್ಟರೆ ಎಲ್ಲರಿಗೂ 330 ಕೊಡಬೇಕು. 20 ಜನಕ್ಕೆ 300ರಂತೆ ಆಗುತ್ತಿದ್ದ ಖರ್ಚು 6,000. 25 ಜನಕ್ಕೆ 330ರಂತೆ 8,250. ಐದು ಆಳು ಹೆಚ್ಚಿಗೆ ಬರಲು 2,250 ಖರ್ಚು, ಅಂದರೆ ಆಳಿಗೆ 450. ಅನುಕೂಲ 400, ಖರ್ಚು 450. ಆತ 20ಕ್ಕೇ ನಿಲ್ಲಿಸುತ್ತಾನೆ. "ಆಳು ಸಿಗೋದಿಲ್ಲ" ಎನ್ನುತ್ತಾನೆ. ಐದು ಹೆಂಗಸರು ಮನೆಯಲ್ಲಿ ಕೂರುತ್ತಾರೆ. ಒಂದಷ್ಟು ಹೊಲದಲ್ಲಿ ಕಳೆ ಉಳಿಯುತ್ತದೆ.

ಈಗ ಅದೇ ಊರಲ್ಲಿ ಖಾತ್ರಿ ಕೆಲಸದಿಂದಾಗಿ 330ಕ್ಕಿಂತ ಕಡಿಮೆಗೆ ಯಾರೂ ಬರುವುದಿಲ್ಲ ಎಂದಾಯಿತು. 20 ಜನ ಕರೆದರೂ ತಲಾ 330, 25 ಜನ ಕರೆದರೂ ತಲಾ 330. ಹೊಸ ಐವರಿಗೆ ಆಗುವ ಹೆಚ್ಚಿನ ಖರ್ಚು ಬರೀ 1,650, ಆಳಿಗೆ 330. ಅನುಕೂಲ 400 ಇದೆ, ಕರೆಯುತ್ತಾನೆ. ಕೂಲಿಯೂ ಏರಿತು, ಕೆಲಸವೂ ಏರಿತು. ನಷ್ಟ ಯಾರಿಗೂ ಆಗಲಿಲ್ಲವೇ? ಆಯಿತು. ಮೊದಲ 20 ಜನಕ್ಕೆ ತಲಾ 30ರಂತೆ 600 ರೂಪಾಯಿ ಹೆಚ್ಚು ಹೋಯಿತು, ಹೊಸ ಐವರಿಂದ ತಲಾ 70ರಂತೆ 350 ಬಂತು. ಹೊಲದವನಿಗೆ ದಿನಕ್ಕೆ 250 ರೂಪಾಯಿ ಕಡಿಮೆ. ಅವನ ದೂರಿನಲ್ಲಿ ಹುರುಳಿದೆ, ಅದನ್ನು ಸುಳ್ಳೆಂದು ತಳ್ಳಿಹಾಕಬಾರದು. ಆದರೆ ಆ ದೂರು "ನನ್ನ ಲಾಭ ಕಡಿಮೆಯಾಯಿತು" ಎಂಬುದು, "ಆಳೇ ಇಲ್ಲ" ಎಂಬುದಲ್ಲ. ಖಾತ್ರಿಯ ದರ ಒಂದು ವೇಳೆ 450 ಆದರೆ ಲೆಕ್ಕ ಮತ್ತೆ ತಿರುಗುತ್ತದೆ; ಆಗ ಹೊಸ ಐವರನ್ನು ಯಾರೂ ಕರೆಯುವುದಿಲ್ಲ, ಕಳೆನಾಶಕದ ಡಬ್ಬ ಬರುತ್ತದೆ. ಏರಿಕೆಗೆ ಒಂದು ಮಿತಿಯಿದೆ, ಅದು ಬೆಳೆಯ ಬೆಲೆಯ ಮೇಲೆ ನಿಂತಿದೆ.

ಇದು ಕಾಗದದ ಮೇಲಿನ ಲೆಕ್ಕ ಅಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಆಗಿನ ಆಂಧ್ರಪ್ರದೇಶದಲ್ಲಿ ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್, ಸಂದೀಪ್ ಸುಖ್ತಂಕರ್ ಅವರು 157 ಮಂಡಲಗಳಲ್ಲಿ ದೊಡ್ಡ ಪ್ರಯೋಗ ನಡೆಸಿದರು. ನಮ್ಮ ಗಡಿಗೆ ಅಂಟಿಕೊಂಡಿರುವ ಅನಂತಪುರ, ಕರ್ನೂಲು ಜಿಲ್ಲೆಗಳೂ ಅದರಲ್ಲಿದ್ದವು. ಖಾತ್ರಿ ಕೂಲಿಯ ದರ ಏರಿಸಲಿಲ್ಲ, ದಿನ ಹೆಚ್ಚಿಸಲಿಲ್ಲ. ಬೆರಳಚ್ಚಿನ ಸ್ಮಾರ್ಟ್‌ಕಾರ್ಡ್ ಕೊಟ್ಟು, ಹಣ ಸೋರದೆ ಬೇಗ ಕೈಸೇರುವಂತೆ ಮಾಡಿದರು, ಅಷ್ಟೇ. ಯಾವ ಮಂಡಲಕ್ಕೆ ಮೊದಲು ಎಂಬುದನ್ನು ಚೀಟಿ ಎತ್ತಿದ ಹಾಗೆ ಗೊತ್ತುಮಾಡಿದ್ದರಿಂದ ಹೋಲಿಕೆ ಗಟ್ಟಿಯಾಗಿತ್ತು. ಫಲಾನುಭವಿ ಕುಟುಂಬಗಳ ಗಳಿಕೆ ಶೇ. 14 ಏರಿತು. ಆ ಏರಿಕೆಯಲ್ಲಿ ಶೇ. 86 ಭಾಗ ಖಾತ್ರಿ ಕೆಲಸದಿಂದ ಬಂದದ್ದೇ ಅಲ್ಲ. ಹೊರಗಿನ ಕೂಲಿ ಏರಿದ್ದರಿಂದ, ಹೊರಗಿನ ಕೆಲಸ ಹೆಚ್ಚಿದ್ದರಿಂದ ಬಂದದ್ದು. ಜಮೀನು ಕೆಲವೇ ಕೈಗಳಲ್ಲಿದ್ದ ಊರುಗಳಲ್ಲಿ ಉದ್ಯೋಗ ಇನ್ನೂ ಹೆಚ್ಚು ಬೆಳೆಯಿತು. ಜಮೀನಿನಿಂದ ಬರುವ ಆದಾಯ ಇಳಿಯಿತು. ಮೇಲಿನ ಕಳೆ ಹೊಲದ ಲೆಕ್ಕದಲ್ಲಿ ಕಂಡದ್ದು ಇದೇ.

ಆಳು ಕಡಿಮೆ ಮಾಡಿದರೆ ಕೂಲಿ ತಾನಾಗಿ ಏರುತ್ತದೆಯೇ?

ಈ ಪ್ರಶ್ನೆಯ ಇನ್ನೊಂದು ಮುಖವನ್ನು ಅಮೆರಿಕದಲ್ಲಿ ನೋಡಬಹುದು. 1942ರಿಂದ ಮೆಕ್ಸಿಕೋದ ಕೂಲಿಕಾರರು ಹಂಗಾಮಿಗೆ ಬಂದು ಕೆಲಸ ಮಾಡಿ ಹೋಗುವ 'ಬ್ರಾಸೆರೊ' ಎಂಬ ಒಪ್ಪಂದವಿತ್ತು. ಸ್ಥಳೀಯ ಕೂಲಿಕಾರರ ದರ ಏರಲಿ ಎಂಬ ಉದ್ದೇಶದಿಂದ ಅದನ್ನು 1964ರ ಕೊನೆಗೆ ನಿಲ್ಲಿಸಿದರು. ಹತ್ತಿರ ಹತ್ತಿರ ಐದು ಲಕ್ಷ ಹಂಗಾಮಿ ಕೂಲಿಕಾರರು ಹೊರಟರು. ಮೈಕೆಲ್ ಕ್ಲೆಮೆನ್ಸ್, ಈಥನ್ ಲೂಯಿಸ್, ಹನ್ನಾ ಪೋಸ್ಟಲ್ ಹಳೆಯ ದಾಖಲೆಗಳನ್ನು ಕೂಡಿಸಿ ನೋಡಿದಾಗ, ಬ್ರಾಸೆರೊ ಕೂಲಿಕಾರರು ಹೆಚ್ಚಿದ್ದ ರಾಜ್ಯಗಳಲ್ಲೂ ಅವರೇ ಇಲ್ಲದ ರಾಜ್ಯಗಳಲ್ಲೂ ಕೂಲಿಯ ನಡೆ ಒಂದೇ ರೀತಿ ಇತ್ತು. ಹೆಚ್ಚುವರಿ ಏರಿಕೆ ಬರಲಿಲ್ಲ. ರೈತರು ಬೇರೆ ದಾರಿ ಹಿಡಿದಿದ್ದರು. ಕ್ಯಾಲಿಫೋರ್ನಿಯಾದ ಟೊಮೆಟೊ ಬೆಳೆಗಾರರು ಕೆಲವೇ ವರ್ಷಗಳಲ್ಲಿ ಕೈಕೊಯ್ಲು ಬಿಟ್ಟು ಯಂತ್ರಕ್ಕೆ ಬಂದರು. ಆ ಯಂತ್ರವೂ, ಅದರ ಹೊಡೆತ ತಡೆದುಕೊಳ್ಳುವ, ಒಟ್ಟಿಗೇ ಹಣ್ಣಾಗುವ ತಳಿಯೂ ಡೇವಿಸ್‌ನ ವಿಶ್ವವಿದ್ಯಾಲಯದಲ್ಲಿ ಮೊದಲೇ ತಯಾರಾಗಿದ್ದವು. ಯಂತ್ರ ಸಿಗದ ಬೆಳೆಗಳನ್ನು ಕಡಿಮೆ ಮಾಡಿದರು.

ನಮ್ಮ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಇದೇ ನಡೆದದ್ದು. ಸಿಂಧನೂರು, ಗಂಗಾವತಿ ಕಡೆ ಭತ್ತದ ಕಟಾವು ಈಗ ಬಹುಮಟ್ಟಿಗೆ ಯಂತ್ರದ್ದೇ. ಗದ್ದೆ ಒಣಗಿದ್ದರೆ ಟೈರಿನದು, ಹಸಿಯಿದ್ದರೆ ಚೈನ್ ಮಷಿನ್, ಗಂಟೆಗೆ ಇಷ್ಟು ಎಂದು ಬಾಡಿಗೆ. ಆಳು ಬೇಕಾಗುವುದು ನಾಟಿಗೆ. ಅದನ್ನು ಹೆಂಗಸರ ಗುಂಪುಗಳು ಎಕರೆಗೆ ಇಷ್ಟು ಎಂದು ಗುತ್ತಿಗೆ ಹಿಡಿಯುತ್ತವೆ. ಹೀಗಿರುವಾಗ ಭತ್ತದ ಕಟಾವಿನ ತಿಂಗಳು ಖಾತ್ರಿ ಕೆಲಸ ನಿಲ್ಲಿಸಿದರೆ ಏನಾಗುತ್ತದೆ? ಬಿಟ್ಟುಬಂದ ಆಳನ್ನು ಕರೆಯುವ ಗದ್ದೆಯೇ ಅಲ್ಲಿಲ್ಲ. ಕಾನೂನಿನಲ್ಲಿ 'ಕಟಾವು' ಎಂಬ ಪದವಿದೆ ಎಂದು ಕಟಾವಿನ ದಿನಗಳನ್ನು ಹಾಕಿಬಿಟ್ಟರೆ ಇಂಥ ತಾಲ್ಲೂಕಿನಲ್ಲಿ ಅದು ಬರೀ ಕೂಲಿ ಕಡಿತ.

ಇದಕ್ಕೆ ಎದುರಾಗಿ ರಾಯಚೂರು, ಯಾದಗಿರಿಯ ಹತ್ತಿ. ಅಲ್ಲಿ ಬಿಡಿಸುವುದಕ್ಕೆ ಯಂತ್ರವಿಲ್ಲ, ಕಾಯಿ ಒಂದೇ ಸಲ ಒಡೆಯುವುದಿಲ್ಲ, ಹಾಗಾಗಿ ಅಕ್ಟೋಬರ್‌ನಿಂದ ಜನವರಿಯವರೆಗೆ ಎರಡು ಮೂರು ಸಲ ಬಿಡಿಸಬೇಕು. ಕೂಲಿ ಕಿಲೋ ಲೆಕ್ಕದಲ್ಲಿ. ಮೊದಲ ಸಲ ಹತ್ತಿ ದಟ್ಟವಾಗಿರುವಾಗ ದಿನಕ್ಕೆ ಒಳ್ಳೆಯ ಗಳಿಕೆ. ಕೊನೆಯ ಸಲ ಹೊಲವೆಲ್ಲ ಸುತ್ತಿದರೂ ಚೀಲ ತುಂಬುವುದಿಲ್ಲ. ಅದೇ ಕಿಲೋ ದರಕ್ಕೆ ಕೊನೆಯ ಬಿಡಿಸುವಿಕೆಗೆ ಯಾರೂ ಬರುವುದಿಲ್ಲ ಎಂದಾಗ "ಆಳಿಲ್ಲ" ಎಂಬ ಕೂಗು ಏಳುತ್ತದೆ. ಅಲ್ಲಿ ಇಲ್ಲದಿರುವುದು ಆಳಲ್ಲ, ಆ ಕೆಲಸಕ್ಕೆ ತಕ್ಕ ದರ.

ಗಂಡಾಳಿನ ಕೊರತೆಯ ವಿಷಯವಂತೂ ಬೇರೆಯೇ. ಕಲಬುರಗಿ, ಯಾದಗಿರಿ, ರಾಯಚೂರಿನಿಂದ ಗುಳೆ ಹೋಗುವವರು ಹೋಗುವುದು ಬೆಂಗಳೂರು, ಪುಣೆ, ಮುಂಬೈ, ಗೋವಾದ ಕಟ್ಟಡ ಕೆಲಸಕ್ಕೆ, ಕಬ್ಬು ಕಡಿಯಲು ಬೆಳಗಾವಿ, ಬಾಗಲಕೋಟೆ, ಸಾಂಗಲಿ, ಕೊಲ್ಹಾಪುರದ ಕಡೆಗೆ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಬಹಳಷ್ಟು ಊರುಗಳಲ್ಲಿ ಗಂಡಾಳಿನ ಕೂಲಿ ಇದಕ್ಕಿಂತ ಮೇಲಿದೆ, ಹೆಣ್ಣಾಳಿನದು ಇದರ ಹತ್ತಿರ ಅಥವಾ ಕೆಳಗಿದೆ. ಖಾತ್ರಿಯಲ್ಲಿ ಇಬ್ಬರಿಗೂ ಒಂದೇ ದರ. ಹಾಗಾಗಿ 370ರ ಒತ್ತು ತಾಗುವುದು ಹೆಣ್ಣಾಳಿನ ಕೂಲಿಗೆ. ನರೇಗಾದ ಮೇಲಿನ ಸಿಟ್ಟಿನಲ್ಲಿ ಒಂದು ಪಾಲು ಇದರಿಂದಲೇ ಬಂದದ್ದು ಎಂದು ನನಗೆ ಅನಿಸುತ್ತದೆ. ಹೆಂಗಸರ ಕೂಲಿ ಕಡಿಮೆಯೇ ಇರಬೇಕು ಎಂಬ ರೂಢಿಯನ್ನು ಅದು ಅಲುಗಾಡಿಸಿತು.

ಕಾಗದದ 370, ಕೈಗೆ ಬರುವ 370

ದರವನ್ನು ಸರ್ಕಾರ ಹೇಗೆ ಏರಿಸುತ್ತದೆ ಎಂಬುದೂ ಗೊತ್ತಿರಬೇಕು. ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕ ಎಷ್ಟು ಏರಿತೋ ಅಷ್ಟು, ಪ್ರತಿ ಏಪ್ರಿಲ್‌ಗೆ. 2019-20ರಲ್ಲಿ 249, 2023-24ರಲ್ಲಿ 316, ಮರುವರ್ಷ 349, ಆಮೇಲೆ 370. ಬೆಲೆ ಏರಿಕೆಯನ್ನು ಹಿಂಬಾಲಿಸುತ್ತದೆಯೇ ಹೊರತು ಕೊಳ್ಳುವ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ರಾಜ್ಯದ ಕೃಷಿ ಕನಿಷ್ಠ ಕೂಲಿಗಿಂತ ಇದು ಕೆಳಗೇ ಉಳಿದಿದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವಂತಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2011ರಲ್ಲೇ ಹೇಳಿತ್ತು, ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಡಲು ಒಪ್ಪಲಿಲ್ಲ. ಆದರೂ ಎರಡು ದರಗಳ ನಡುವಿನ ಅಂತರ ಮುಚ್ಚಲಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಹಣ ಕೈಸೇರುವ ದಾರಿಯಲ್ಲಿದೆ. ಹೊಲದ ಕೂಲಿ ಅಂದೇ ಸಂಜೆಗೆ ಅಥವಾ ಸಂತೆಯ ದಿನಕ್ಕೆ ಕೈಗೆ ಬರುತ್ತದೆ. ಖಾತ್ರಿ ಕೂಲಿಯ ದಾರಿ ಉದ್ದ. ನಮೂನೆ-6ರಲ್ಲಿ ಬೇಡಿಕೆ ಅರ್ಜಿ. ಅದಕ್ಕೆ ದಿನಾಂಕ ಹಾಕಿದ ಸ್ವೀಕೃತಿ ಪಡೆಯದಿದ್ದರೆ, 15 ದಿನದೊಳಗೆ ಕೆಲಸ ಸಿಗದಾಗ ನಿರುದ್ಯೋಗ ಭತ್ಯೆ ಕೇಳಲು ಆಧಾರವೇ ಇರುವುದಿಲ್ಲ. (ಭತ್ಯೆ ಮೊದಲ 30 ದಿನಕ್ಕೆ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ.) ಆಮೇಲೆ ಎನ್‌ಎಂಆರ್ (ಕೂಲಿಕಾರರ ಹಾಜರಿ ಪಟ್ಟಿ) ತೆಗೆಯಬೇಕು. ಕೆಲಸದ ಜಾಗದಲ್ಲಿ ಕಾಯಕಬಂಧು (ಕೂಲಿಕಾರರ ಗುಂಪಿನ ಮೇಲ್ವಿಚಾರಕ) ಹಾಜರಿಯ ಎನ್‌ಎಂಎಂಎಸ್ ಆ್ಯಪ್‌ನಲ್ಲಿ ದಿನಕ್ಕೆ ಎರಡು ಸಲ ಫೋಟೊ ಹಾಕಬೇಕು. ಎರಡನೆಯದು ನೆಟ್‌ವರ್ಕ್ ಇಲ್ಲದೆ ಹೋಗದಿದ್ದರೆ ಆ ದಿನದ ಹಾಜರಿಯೇ ಹೋಯಿತು. ವಾರ ಮುಗಿದ ಮೇಲೆ ಎಂಜಿನಿಯರ್ ಅಳತೆ, ಪಿಡಿಒ ಸಹಿ, ಹಣ ವರ್ಗಾವಣೆ ಆದೇಶ. ಕೂಲಿ ಅಳತೆಯ ಪ್ರಕಾರ. ನಿಗದಿಯಾದ ಅಳತೆಯ ಮುಕ್ಕಾಲು ಭಾಗ ಅಗೆದರೆ 370ರ ಬದಲು 277 ರೂಪಾಯಿ 50 ಪೈಸೆ. ಬೇಸಿಗೆಯಲ್ಲಿ ಎರೆಭೂಮಿ ಕಲ್ಲಿನಂತಾಗುವ ಕಲಬುರಗಿ, ಬೆಳಗಾವಿ ವಿಭಾಗಗಳಲ್ಲಿ ಅಳತೆಗೆ ರಿಯಾಯಿತಿ ಕೊಡುವ ರೂಢಿ ಇರುವುದು ಇದಕ್ಕೇ. 2024ರ ಜನವರಿಯಿಂದ ಹಣ ಆಧಾರ್ ಮೂಲಕವೇ ಹೋಗಬೇಕು. ಜಾಬ್ ಕಾರ್ಡಿನಲ್ಲಿ "ಯಲ್ಲಮ್ಮ", ಆಧಾರ್‌ನಲ್ಲಿ "ಎಲ್ಲಮ್ಮ" ಎಂದಿದ್ದರೆ ತಾಳೆಯಾಗುವುದಿಲ್ಲ. ಎರಡು ಬ್ಯಾಂಕ್ ಖಾತೆ ಇದ್ದವರ ಹಣ ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ಹೋಗಿ ಕೂತಿರುತ್ತದೆ. ಹಳೆಯ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಅಲೆದು ಫಲವಿಲ್ಲ, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಆಧಾರ್ ಜೋಡಣೆಯ ದಾಖಲೆ, ಯಾವ ಬ್ಯಾಂಕಿಗಿದೆ ಎಂದು ಕೇಳಬೇಕು.

ನರೇಗಾದಲ್ಲಿ ಹಣ ತಡವಾದರೆ ಪರಿಹಾರವೂ ಉಂಟು, ದಿನಕ್ಕೆ ಶೇ. 0.05. ಆರು ದಿನದ ಕೂಲಿ 2,220 ರೂಪಾಯಿ. ಅದಕ್ಕೆ ದಿನಕ್ಕೆ ಒಂದು ರೂಪಾಯಿ ಹನ್ನೊಂದು ಪೈಸೆ, ತಿಂಗಳು ತಡವಾದರೆ 33 ರೂಪಾಯಿ. ಅಷ್ಟೇ ಹಣವನ್ನು ಆ ತಿಂಗಳು ನೂರಕ್ಕೆ ಮೂರರ ಕೈಸಾಲ ತಂದರೆ ಬಡ್ಡಿ 66 ರೂಪಾಯಿ 60 ಪೈಸೆ. ಕೈಗೆ ಯಾವಾಗ ಬರುತ್ತದೋ ಗೊತ್ತಿಲ್ಲದ 370ಕ್ಕಿಂತ ಸಂಜೆಗೇ ಬರುವ 300 ಲೇಸು ಎಂದು ಹೆಂಗಸರು ತೀರ್ಮಾನಿಸುವುದು ಈ ಲೆಕ್ಕದಿಂದ. ಸ್ಮಾರ್ಟ್‌ಕಾರ್ಡ್ ಪ್ರಯೋಗ ಅಷ್ಟು ದೊಡ್ಡ ಫಲ ಕೊಟ್ಟದ್ದೂ ಈ ಕಾರಣಕ್ಕೇ. ದರ ಏರಿಸದೆ, ಬರೀ ಹಣ ಸರಿಯಾಗಿ ತಲುಪುವಂತೆ ಮಾಡಿದರೆ ಊರಿನ ಕೂಲಿಯೇ ಏರುತ್ತದೆ. ಹಾಗೆಯೇ ದರ ಮುಟ್ಟದೆ, ದಿನ ಮುಟ್ಟದೆ, ಬರೀ ಪಾವತಿ ತಡಮಾಡಿ ಊರಿನ ಕೂಲಿಯನ್ನು ಇಳಿಸಲೂಬಹುದು. ದೇಶದಲ್ಲಿ 100 ದಿನದ ಖಾತ್ರಿ ಇದ್ದಾಗ ಕೆಲಸ ಪಡೆದ ಕುಟುಂಬಕ್ಕೆ ಸರಾಸರಿ ಸಿಗುತ್ತಿದ್ದುದು ಸುಮಾರು 50 ದಿನ.

125ಕ್ಕೆ ಏರಿಸಿದ್ದನ್ನು ನಾನು ಅನುಮಾನದಿಂದ ನೋಡುವುದು ಮಹಾರಾಷ್ಟ್ರದ ಅನುಭವದ ಕಾರಣಕ್ಕೆ. 1970ರ ದಶಕದ ಬರದಲ್ಲಿ ಹುಟ್ಟಿ 1977ರಲ್ಲಿ ಕಾಯ್ದೆಯಾದ ಅಲ್ಲಿನ ಉದ್ಯೋಗ ಖಾತ್ರಿಯೇ ನರೇಗಾಕ್ಕೆ ಮಾದರಿ. 1988ರಲ್ಲಿ ಅಲ್ಲಿ ಖಾತ್ರಿ ಕೂಲಿ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಒಳ್ಳೆಯದೇ ಅಲ್ಲವೇ? ಆದರೆ ಬೊಕ್ಕಸ ಅದಕ್ಕೆ ತಕ್ಕಂತೆ ಹಿಗ್ಗಲಿಲ್ಲ. ಆಮೇಲೆ ಕೇಳಿದವರಿಗೆಲ್ಲ ಕೆಲಸ ಕೊಡುವ ಪದ್ಧತಿ ಸಡಿಲವಾಯಿತು, ಇದ್ದ ಕೆಲಸವನ್ನು ಅಳೆದು ಕೆಲವರಿಗಷ್ಟೇ ಹಂಚುವುದು ಶುರುವಾಯಿತು. ಕಾಯ್ದೆಯ ಮಾತು ಹಾಗೇ ಇತ್ತು, ಖಾತ್ರಿ ಹೋಯಿತು. ಈಗಿನ ಹೊಸ ಕಾಯ್ದೆಯಲ್ಲಿ ಕೇಂದ್ರ ಪ್ರತಿ ರಾಜ್ಯಕ್ಕೆ ಇಷ್ಟು ಎಂದು ಹಂಚಿಕೆ ಗೊತ್ತುಮಾಡುತ್ತದೆ; ಅದರಲ್ಲಿ ಕರ್ನಾಟಕದಂಥ ರಾಜ್ಯದ ಪಾಲು ಶೇ. 40, ಹಂಚಿಕೆ ಮೀರಿದ್ದೆಲ್ಲ ಪೂರ್ತಿ ರಾಜ್ಯದ ತಲೆಗೆ. ಮೊದಲು ಕೂಲಿಯ ಹಣ ಪೂರ್ತಿ ಕೇಂದ್ರದ್ದಾಗಿತ್ತು. ಹಣ ಮುಗಿದ ರಾಜ್ಯಕ್ಕೆ 60 ದಿನದ ನಿಲುಗಡೆ ಸುಲಭದ ದಾರಿಯಾಗುವ ಅಪಾಯ ಇಲ್ಲಿದೆ: ಬೇಡಿಕೆ ಎಲ್ಲಿ ಹೆಚ್ಚೋ ಆ ವಾರಗಳನ್ನೇ "ಕೃಷಿ ಹಂಗಾಮು" ಎಂದು ಕರೆದುಬಿಟ್ಟರೆ ಖರ್ಚು ಉಳಿಯುತ್ತದೆ.

ಯಾವ ವಾರ?

ಕರ್ನಾಟಕದ ಬೆಳೆಗಳ ಕಾಲ ನೋಡಿದರೆ ಒಂದೇ ದಿನಾಂಕ ಎಷ್ಟು ಅಸಂಗತ ಎಂದು ಗೊತ್ತಾಗುತ್ತದೆ. ಕಲಬುರಗಿಯ ತೊಗರಿ ಮಿರಗದ ಮಳೆಗೆ ಶುರುವಾಗಿ ಆರಿದ್ರಾದಲ್ಲಿ ಬಿತ್ತನೆ ಮುಗಿಯಬೇಕು, ಕಟಾವು ಡಿಸೆಂಬರ್–ಜನವರಿ. ಹಳೇ ಮೈಸೂರಿನ ರಾಗಿ ಬಿತ್ತುವುದು ಜುಲೈ–ಆಗಸ್ಟ್, ಕೊಯ್ಲು ನವೆಂಬರ್–ಡಿಸೆಂಬರ್. ವಿಜಯಪುರದ ಬಿಳಿಜೋಳಕ್ಕೆ ಉತ್ತರೆ, ಹಸ್ತದ ಮಳೆ ಬೇಕು, ಕೊಯ್ಲು ಫೆಬ್ರವರಿ–ಮಾರ್ಚ್. ಕೊಡಗಿನಲ್ಲಿ ಅರೇಬಿಕಾ ನವೆಂಬರ್‌ನಿಂದ, ರೊಬಸ್ಟಾ ಜನವರಿಯಿಂದ. ಜೂನ್–ಜುಲೈಯಲ್ಲಿ ರಾಜ್ಯಕ್ಕೆಲ್ಲ ನಿಲ್ಲಿಸಿದರೆ ವಿಜಯಪುರದ ಹಿಂಗಾರಿ ಹಳ್ಳಿಯಲ್ಲಿ ಹೊಲದ ಕೆಲಸವೂ ಇಲ್ಲ, ಖಾತ್ರಿ ಕೆಲಸವೂ ಇಲ್ಲ.

ಬಿತ್ತನೆ ಸಾಮಾನ್ಯವಾಗಿ ಟ್ರ್ಯಾಕ್ಟರ್ ಕೂರಿಗೆಯದ್ದು, ಒಂದು ಹದ ಮಳೆ ಬಿದ್ದ ನಾಲ್ಕಾರು ದಿನದಲ್ಲಿ ಮುಗಿಯುತ್ತದೆ. ಹೆಂಗಸರ ಕೈ ಬೇಕಾಗುವುದು ಅದಾದ ಮೂರ್ನಾಲ್ಕು ವಾರಕ್ಕೆ, ಕಳೆಗೆ. ಕಳೆ ತೆಗೆಯುವುದು ಬಿತ್ತನೆಯೂ ಅಲ್ಲ, ಕಟಾವೂ ಅಲ್ಲ. ಆಳಿನ ನಿಜವಾದ ಒತ್ತಡದ ವಾರ ಕಾನೂನಿನ ಪದಗಳ ನಡುವೆ ಜಾರಿಹೋಗಿದೆ. ಎರಡು ಮೂರು ಎಕರೆಯವರು ಈ ವಾರವನ್ನು ಮುಯ್ಯಾಳಿನಲ್ಲಿ, ಅಂದರೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗಿ ದುಡಿದು, ದಾಟಿಸುತ್ತಾರೆ, ಅವರಿಗೆ ನಿಲುಗಡೆಯಿಂದ ಆಗುವ ಲಾಭ ಏನೂ ಇಲ್ಲ. ಅವರಲ್ಲೇ ಅನೇಕರು ಜಾಬ್ ಕಾರ್ಡ್ ಇರುವವರು.

ಇನ್ನು ಮಳೆಯ ಮಾತು. ದಿನಾಂಕ ಮೊದಲೇ ಗೊತ್ತಾಗಿರುತ್ತದೆ, ಮಳೆ ಗೊತ್ತಿರುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ತುಂಗಭದ್ರಾದಲ್ಲಿ 2024ರ ಆಗಸ್ಟ್ 10ರಂದು 19ನೇ ಗೇಟು ಕೊಚ್ಚಿಹೋಯಿತು. ಗೇಟುಗಳನ್ನು ಬದಲಿಸುವ ಸಲುವಾಗಿ 2025-26ರಲ್ಲಿ ಎರಡನೇ ಬೆಳೆಗೆ ನೀರು ಬಿಡದಿರುವ ತೀರ್ಮಾನವಾಯಿತು. ಜನವರಿಯ ನಾಟಿಗೆಂದು ಅಲ್ಲಿ ಮೊದಲೇ 20 ದಿನ ಬೀಗ ಹಾಕಿದ್ದರೆ, ನಾಟಿ ಇಲ್ಲದ ಗದ್ದೆಯ ಮುಂದೆ ಆ 20 ದಿನ ಕೂಲಿಕಾರರು ಏನು ಮಾಡಬೇಕಿತ್ತು? ಗುಳೆಯ ಬಸ್ಸು ಹತ್ತಬೇಕಿತ್ತು. ಹಾಗೆ ಹೋದವರು ಮುಂದಿನ ನಾಟಿಗೆ ವಾಪಸು ಬರುತ್ತಾರೆಂಬ ಭರವಸೆಯಿಲ್ಲ. ಆಳಿನ ಕೊರತೆ ನೀಗಿಸಲು ತಂದ ನಿಯಮದಿಂದಲೇ ಆಳು ಕಡಿಮೆಯಾಗುವುದು ಹೀಗೆ. ಆದ್ದರಿಂದ ಅಧಿಸೂಚನೆಯಲ್ಲೇ ಒಂದು ಷರತ್ತು ಬೇಕು: ಆ ಹೋಬಳಿಯಲ್ಲಿ ಮಳೆ ಇಷ್ಟು ಶೇಕಡಾ ಕಡಿಮೆಯಾದರೆ, ಅಥವಾ ಕಾಲುವೆಗೆ ನೀರು ಬಿಡದಿದ್ದರೆ, ನಿಲುಗಡೆ ತಾನಾಗಿ ರದ್ದು. ಆಮೇಲೆ ಆದೇಶಕ್ಕಾಗಿ ಬೆಂಗಳೂರಿನ ಕಡೆ ಕಾಯುವಂತಾಗಬಾರದು.

60 ದಿನವನ್ನು ಒಂದೇ ತುಂಡಾಗಿ ಇಡುವುದೂ ಬೇಡ. ಹತ್ತು ಹದಿನೈದು ದಿನದ ತುಂಡು ಮಾಡಿ, ಪ್ರತಿ ತುಂಡೂ ಆ ತಾಲ್ಲೂಕಿನಲ್ಲಿ ಕೈಯಿಂದಲೇ ನಡೆಯುವ ಒಂದು ಕೆಲಸಕ್ಕೆ ಹೊಂದಬೇಕು: ಸಿಂಧನೂರಿಗೆ ನಾಟಿ, ಯಾದಗಿರಿಗೆ ಮೊದಲ ಸಲ ಹತ್ತಿ ಬಿಡಿಸುವ ಹೊತ್ತು. ಕೆಲಸ ನಿಲ್ಲಿಸುವ ಮುಂಚೆ ಬಾಕಿ ಕೂಲಿಯೆಲ್ಲ ಪಾವತಿಯಾಗಿರಬೇಕು. ಹಳೆ ಬಾಕಿಯೂ ಬಂದಿಲ್ಲ, ಹೊಸ ಕೆಲಸವೂ ಇಲ್ಲ ಎಂದರೆ ಆ ವಾರ ಯಾವ ದರಕ್ಕಾದರೂ ಹೊಲಕ್ಕೆ ಹೋಗಬೇಕಾಗುತ್ತದೆ. ಮಣ್ಣಿನ ಕೆಲಸಕ್ಕೂ ಗಮನ ಬೇಕು. ಬದು ಹಾಕಿ ಕೋಡಿ ಕಟ್ಟುವ ಮುಂಚೆ ನಿಲುಗಡೆ ಬಂದರೆ ಮೊದಲ ದೊಡ್ಡ ಮಳೆಗೆ ಬದು ಒಡೆಯುತ್ತದೆ, ಅಗೆದ ಕೂಲಿಯೂ ಮಣ್ಣೂ ಎರಡೂ ಹಳ್ಳಕ್ಕೆ. ನಿಲುಗಡೆಗೆ ಮೂರು ವಾರ ಮುಂಚೆ ಹೊಸ ಬದುವಿನ ಎನ್‌ಎಂಆರ್ ತೆಗೆಯುವುದನ್ನು ನಿಲ್ಲಿಸಿ, ನಡೆಯುತ್ತಿರುವುದನ್ನು ಮುಗಿಸುವುದಕ್ಕೆ ಜನ ಹಾಕಬೇಕು.

ವಾರ ಆರಿಸಲು ಬೇಕಾದ ಮಾಹಿತಿ ಆಗಲೇ ಪಂಚಾಯಿತಿಯಲ್ಲಿದೆ. ನಮೂನೆ-6ರ ಹಿಂದಿನ ಐದು ವರ್ಷಗಳ ಬೇಡಿಕೆಯನ್ನು ವಾರವಾರು ಜೋಡಿಸಿದರೆ, ಜನ ತಾವಾಗಿಯೇ ಖಾತ್ರಿ ಕೆಲಸ ಬಿಟ್ಟು ಹೊಲಕ್ಕೆ ಹೋದ ವಾರಗಳು ಕಾಣುತ್ತವೆ. ಬೇಡಿಕೆ ಸೊನ್ನೆಯ ಹತ್ತಿರ ಇಳಿದ ವಾರಗಳಲ್ಲಿ ನಿಲ್ಲಿಸಿದರೆ ಯಾರಿಗೂ ಹಾನಿಯಿಲ್ಲ. ಹಂಗಾಮಿನ ನಡುವೆಯೂ ಬೇಡಿಕೆ ಉಳಿದಿದ್ದರೆ, ಅಲ್ಲಿ ಹೊಲದಿಂದ ಕರೆ ಬರದ ಜನ ಇದ್ದಾರೆ ಎಂದರ್ಥ; ವಯಸ್ಸಾದವರು, ಒಂಟಿ ಹೆಂಗಸರು, ಗುತ್ತಿಗೆ ಗುಂಪಿಗೆ ಸೇರಿಸಿಕೊಳ್ಳದವರು. ಆ ವಾರ ಮುಟ್ಟಬಾರದು. ಒಂದು ಎಚ್ಚರಿಕೆ ಬೇಕು. ಬಾಯಿಮಾತಿನಲ್ಲಿ ಕೇಳಿ ವಾಪಸು ಹೋದವರ ಬೇಡಿಕೆ ದಾಖಲಾಗಿರುವುದಿಲ್ಲ, ಕೆಲವು ಪಂಚಾಯಿತಿಗಳಲ್ಲಿ ಕೆಲಸ ಮಂಜೂರಾದ ಮೇಲೆಯೇ ಅರ್ಜಿ ಬರೆಸಿಕೊಳ್ಳುತ್ತಾರೆ. ಅಂಥ ಕಡೆ ಪುಸ್ತಕದ ಸೊನ್ನೆಯನ್ನು ನಂಬದೆ, ವಾರ್ಡ್ ಸಭೆಯಲ್ಲಿ ಕೂಲಿಗೆ ಹೋಗುವ ಹೆಂಗಸರನ್ನೇ ಕೂರಿಸಿಕೊಂಡು, ಯಾವ ಮಳೆಗೆ ಯಾವ ಕೆಲಸ, ಎಷ್ಟು ದಿನ, ಯಾರಿಗೆ ಕರೆ ಬರುತ್ತದೆ ಎಂದು ಕೇಳಿ ಬರೆದುಕೊಳ್ಳಬೇಕು. ಅಧಿಸೂಚನೆಯ ಕರಡು ಏಪ್ರಿಲ್‌ಗೆ ಮುಂಚೆ ಸಿದ್ಧವಾಗಬೇಕಾದರೆ ಈ ಸಭೆಗಳು ಜನವರಿ–ಫೆಬ್ರವರಿಯಲ್ಲೇ ನಡೆಯಬೇಕು, ಅದೂ ಗುಳೆ ಹೊರಡುವವರು ಊರು ಬಿಡುವ ಮೊದಲು.